ಚಾಟ್ನಿ, ಚಟ್ನಿ ಮತ್ತು ಅವ್ವನ ಕೆಮ್ಮು

ದ್ರಾಕ್ಷಿ ಬಳ್ಳಿಯ ವಿಷಯದಲ್ಲಿ ನಮ್ಮ ಮನೆಯ ಮೊದಲ ಜಗಳ ಶುರುವಾಗಿದ್ದು ಒಂದು ದೀರ್ಘಾಕ್ಷರದಿಂದ.

ಕೊಪ್ಪಳದ ನಮ್ಮ ಹಿತ್ತಲಲ್ಲಿ ಬಳ್ಳಿ ಚಪ್ಪರ ತುಂಬಿ, ಕಾಂಪೌಂಡ್ ಹತ್ತಿ, ಪಕ್ಕದ ಮನೆಯವರ ಡಿಶ್ ಆಂಟೆನಾ ಕಡೆ ಕೈ ಚಾಚಿತ್ತು. ಕುಷ್ಟಗಿ ಕಡೆ ತೋಟ ಮಾಡಿರುವ ಗೆಳೆಯನಿಗೆ ಫೋನ್ ಮಾಡಿ ಮುಂದೇನು ಅಂತ ಕೇಳಿದೆ. "ಏಪ್ರಿಲ್ ಬಂತಲ್ಲೋ, ಚಾಟ್ನಿ ಮಾಡು" ಅಂದ. ಸ್ಪೀಕರ್ ಆನ್ ಇತ್ತು. ಅಡುಗೆಮನೆಯಿಂದ ನನ್ನ ಹೆಂಡತಿ, "ಇನ್ನಾ ಒಂದು ಕಾಯಿ ಬಿಟ್ಟಿಲ್ಲ. ಯಾತರದು ಚಟ್ನಿ ಮಾಡ್ಲಿರೀ? ಎಲಿದಾ?" ಅಂದಳು.

ಚಾಟ್ನಿ ಅಂದರೆ ಬಳ್ಳಿ ಸವರುವುದು. ನಮ್ಮ ಕಡೆ ವರ್ಷಕ್ಕೆ 2 ಸಲ. ಏಪ್ರಿಲ್‌ನಲ್ಲಿ ಸವರಿದರೆ ಹೊಸ ಕಡ್ಡಿ ಬರುತ್ತದೆ. ಅಕ್ಟೋಬರ್‌ನಲ್ಲಿ ಮತ್ತೆ ಸವರಿದರೆ ಆ ಕಡ್ಡಿಯಲ್ಲಿ ಹೂವು, ಕಾಯಿ. ಕೇಳೋಕೆ ಸುಲಭ. ಆದರೆ ಏಪ್ರಿಲ್ ಚಾಟ್ನಿಯಲ್ಲಿ ಒಂದೆರಡು ಕಣ್ಣು, ಅಂದರೆ ಚಿಗುರೊಡೆಯುವ ಗಂಟು, ಬಿಟ್ಟು ಉಳಿದಿದ್ದನ್ನೆಲ್ಲ ಕತ್ತರಿಸಬೇಕು. ಅದೂ ಕೊಪ್ಪಳದ ಬಿಸಿಲು 40 ಡಿಗ್ರಿ ಮುಟ್ಟೋ ಹೊತ್ತಿಗೆ, ಚಪ್ಪರದ ನೆರಳು ಬೇಕೇ ಬೇಕು ಅನ್ನೋ ಹೊತ್ತಿಗೆ! ಅರ್ಧ ದಿನದಲ್ಲಿ ಹಿತ್ತಲು ಬೋಳಾಯಿತು. ಅವ್ವ ತನ್ನ ಹೊರಸನ್ನು ತಾನೇ ಎಳೆದುಕೊಂಡು ಒಳಗೆ ಹೋದಳು. ಒಂದು ವಾರ ನನ್ನ ಜೊತೆ ಮಾತಿಲ್ಲ.

ಬಳ್ಳಿ ಯಾಕೆ ಹಚ್ಚಿದೆ ಅನ್ನೋದನ್ನೂ ಹೇಳಿಬಿಡ್ತೀನಿ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವ ಮಾಸ್ತರ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್ ಅಲ್ಲಿನ ಪೇಟೆಯ ರೇಟು ಬರೆದಿಟ್ಟಿದ್ದಾನೆ. ಒಂದು ಹಣಕ್ಕೆ, ಅಂದರೆ ಆಗಿನ ಒಂದು ನಾಣ್ಯಕ್ಕೆ, 3 ಗೊಂಚಲು ದ್ರಾಕ್ಷಿ, ಇನ್ನೊಂದು ಹಣಕ್ಕೆ 10 ದಾಳಿಂಬೆ. ಇದನ್ನು ಪಾಠದಲ್ಲಿ ಹೇಳಿದರೆ ಮಕ್ಕಳಿಗೆ ಕೇಳಿಸೋದು 'ಪಾಯಸ' ಒಂದೇ. ನನಗೆ ಮಾತ್ರ ದ್ರಾಕ್ಷಿ ತಲೆಗೆ ಹತ್ತಿತು. ಹಂಪಿ ಹೊಳೆಯಾಚೆಯ ಆನೆಗೊಂದಿ ನಮ್ಮದೇ ಜಿಲ್ಲೆ, ಕುಷ್ಟಗಿ ತಾಲ್ಲೂಕಿನಲ್ಲಿ ಈಗಲೂ ತೋಟ ಇವೆ, ಅಂದಮೇಲೆ ನಮ್ಮ ಹಿತ್ತಲಲ್ಲಿ ಯಾಕೆ ಬೆಳೆಯಬಾರದು? ಗೆಳೆಯ ಕಸಿ ಮಾಡಿದ ಕರಿ ಶರದ್ ತಳಿಯ ಒಂದು ಸಸಿ ಕೊಟ್ಟ. ದುಡ್ಡು ತಗೊಳ್ಳಲಿಲ್ಲ. ಆಮೇಲೆ ಕಲ್ಲಿನ ಕಂಬ, ತಂತಿ, ಗೊಬ್ಬರ, ಔಷಧಿ, ಬಲೆ ಅಂತ ಎಷ್ಟಾಯಿತು ಅನ್ನೋದನ್ನು ಹೆಂಡತಿ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದಾಳೆ. ಪಾಯಸ್ ಬಂದು ನೋಡಿದ್ದರೆ ಕಾಗದ ಹರಿದು ಹಾಕುತ್ತಿದ್ದ.

ಅಕ್ಟೋಬರ್ ಚಾಟ್ನಿ ಆಗಿ ಎಲೆ ಚಿಗುರುವಾಗ ಮೋಡ ಕವಿದು ಜಿಟಿಜಿಟಿ ಹಿಡಿಯಿತು. ಎಲೆಯ ಮೇಲೆ ಎಣ್ಣೆ ಬಿದ್ದಂಥ ಹಳದಿ ಮಚ್ಚೆ, ತಿರುವಿದರೆ ಕೆಳಗೆ ಬಿಳಿ ಬೂಸ್ಟು. "ದಾವಣಿ ಬಂದೈತಿ, ಬೋರ್ಡೋ ಹೊಡಿ" ಅಂದ ಗೆಳೆಯ. ಇದು ಲಂಗದ ಜೊತೆಗಿನ ದಾವಣಿ ಅಲ್ಲ, ರೋಗ. ಬೋರ್ಡೋ ಅಂದರೆ ಅದರ ಔಷಧಿ: 100 ಗ್ರಾಂ ಮೈಲುತುತ್ತು, 100 ಗ್ರಾಂ ಸುಣ್ಣ, 10 ಲೀಟರ್ ನೀರು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬೇರೆ ಬೇರೆ ಕರಗಿಸಿ ಕೂಡಿಸಬೇಕು. ಹದ ಸರಿ ಇದೆಯೋ ಇಲ್ಲವೋ ನೋಡೋಕೆ ಕಬ್ಬಿಣದ ಚಾಕು ಅದ್ದಬೇಕು. ಚಾಕು ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಕಮ್ಮಿ ಅಂತ ಅರ್ಥ. ನಾನು ಅದ್ದಿದ್ದು ಅಡುಗೆಮನೆಯ ಚಾಕು. ತಾಮ್ರ ಚೆನ್ನಾಗಿಯೇ ಕೂತಿತು. ಇನ್ನಷ್ಟು ಸುಣ್ಣ ಹಾಕಿ, ಪಂಪು ಹೆಗಲಿಗೇರಿಸಿ ಹೊಡೆದೆ. ಗಾಳಿ ಯಾವ ಕಡೆಗೆ ಬೀಸುತ್ತಿದೆ ಅಂತ ನೋಡಲಿಲ್ಲ. ತಂತಿಯ ಮೇಲೆ ಅವ್ವನ ಬಿಳಿ ಸೀರೆ ಒಣಗುತ್ತಿತ್ತು. ಈಗ ಅದು ತಿಳಿನೀಲಿ ಚುಕ್ಕಿ ಸೀರೆ. "ಪ್ರಿಂಟು ಚಂದ ಐತಿ, ಎಲ್ಲಿ ತಂದ್ರಿ?" ಅಂತ ಓಣಿಯ ಒಬ್ಬಾಕೆ ಅವ್ವನನ್ನು ಕೇಳಿದಳಂತೆ.

ಜನವರಿಯಲ್ಲಿ ಗವಿಮಠದ ಜಾತ್ರೆಗೆ ಬಂದ ನೆಂಟರೆಲ್ಲ ಹಸಿರು ಕಾಯಿ ಕಿತ್ತು ಬಾಯಿಗೆ ಹಾಕಿ ಮುಖ ಹಿಂಡಿದರು. ಹಣ್ಣಾದ ಮೇಲೆ ಗಿಳಿ, ಪಿಕಳಾರ, ಬಾವಲಿ ಪಾಳಿ ಹಚ್ಚಿ ಬಂದವು. ಅವುಗಳ ಪಾಲು ಹೋಗಿ ಮಾರ್ಚ್‌ನಲ್ಲಿ ನಮಗೆ ಸಿಕ್ಕಿದ್ದು 7 ಕಿಲೋ. ಆ ಹೊತ್ತಿಗೆ ಸಂತೆಯಲ್ಲಿ ದ್ರಾಕ್ಷಿ ರಾಶಿ ಬಿದ್ದಿತ್ತು. ಕೊಟ್ಟರೂ ಯಾರಿಗೂ ಬೇಡ. ಆಗ ನೆನಪಾಗಿದ್ದು ಬಳ್ಳಾರಿಯಲ್ಲಿದ್ದಾಗ ಪಕ್ಕದ ಮನೆಯ ಟೀಚರಕ್ಕ. ಪ್ರತಿ ಕ್ರಿಸ್‌ಮಸ್‌ಗೂ ಕೇಕಿನ ಜೊತೆ ಚಿಕ್ಕ ಗ್ಲಾಸಿನಲ್ಲಿ ಮನೆಯ ವೈನ್ ಕೊಡುತ್ತಿದ್ದರು. ಫೋನ್ ಮಾಡಿದೆ.

ಅಕ್ಕ ಎಲ್ಲ ಬಿಡಿಸಿ ಹೇಳಿದರು. ಕೈಯಿಂದ ಹಿಸುಕಿ, ಸಿಪ್ಪೆ ಸಮೇತ ಭರಣಿಗೆ ಹಾಕು. ಬಣ್ಣ ಇರೋದು ಸಿಪ್ಪೆಯಲ್ಲಿ, ರಸದಲ್ಲಿ ಅಲ್ಲ. ತಿನ್ನೋ ದ್ರಾಕ್ಷಿಯಲ್ಲಿ ಸಿಹಿ ಸಾಲದು, ಸಕ್ಕರೆ ಹಾಕು. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ತಿಂದು ಯೀಸ್ಟ್ ಶೇ 1ರಷ್ಟು ಆಲ್ಕೋಹಾಲ್ ಮಾಡುತ್ತದೆ. ತಿಂದ ಸಕ್ಕರೆಯಲ್ಲಿ ಹತ್ತಿರ ಹತ್ತಿರ ಅರ್ಧ ತೂಕ ಗ್ಯಾಸ್ ಆಗಿ ಹೋಗುತ್ತದೆ. ಮೇಲೆ ತೇಲೋ ಸಿಪ್ಪೆಯನ್ನು ದಿನಾ 2 ಸಲ ಕೆಳಗೆ ಅದುಮು. ಸೆಕೆ ಜಾಸ್ತಿಯಾದರೆ ಯೀಸ್ಟೂ ಒದ್ದಾಡುತ್ತದೆ, ತಂಪಲ್ಲಿಡು. ಕೊನೆಗೆ ಇನ್ನೊಂದು ಮಾತು ಹೇಳಿದರು. ಆಗ ಬಾಗಿಲಲ್ಲಿ ಗ್ಯಾಸ್ ಸಿಲಿಂಡರಿನವನು ಕೂಗಿದ. ಆ ಒಂದು ಮಾತು ನನ್ನ ಕಿವಿಗೆ ಬೀಳಲಿಲ್ಲ.

ಭರಣಿ ಉಪ್ಪಿನಕಾಯಿದು. ಹೆಂಡತಿ ಕೊಟ್ಟಳು, ಆದರೆ 'ವೈನ್' ಅನ್ನೋ ಶಬ್ದ ಮನೆಯಲ್ಲಿ ಆಡಬಾರದು ಅನ್ನೋ ಷರತ್ತಿನ ಮೇಲೆ. ಹಾಗಾಗಿ ಅದು 'ರಸ' ಆಯಿತು. ಒದ್ದೆ ಗೋಣಿಚೀಲ ಸುತ್ತಿ ಬಚ್ಚಲಮನೆಯಲ್ಲಿಟ್ಟೆ. ಮೂರನೇ ದಿನ ಬಟ್ಟೆ ಸರಿಸಿ ಕಿವಿ ಕೊಟ್ಟರೆ, ಸಣ್ಣ ಉರಿಯಲ್ಲಿ ಅನ್ನ ಕುದಿಯೋ ಸದ್ದು. ಕೆಳಗೆ ಒಲೆ ಇಲ್ಲ, ಬೆಂಕಿ ಇಲ್ಲ. ನೇರಳೆ ನೊರೆ ಮೇಲೆದ್ದು ಉಸಿರಾಡುತ್ತಿತ್ತು. ಒಂದು ವಾರವಾದ ಮೇಲೆ ಧೋತ್ರದ ಬಟ್ಟೆಯಲ್ಲಿ ಸೋಸಿದೆ. 5 ಬಾಟಲಿ ಆಯಿತು. ಧೂಳು ಬೀಳಬಾರದಲ್ಲ, ಬಿರಡೆ ಗಟ್ಟಿಯಾಗಿ ತಿರುವಿ, ಮೇಲೆ ಮೇಣ ಸುರಿದು, ಮಗಳ ಕೋಣೆಯ ಮಂಚದ ಕೆಳಗೆ ಸಾಲಾಗಿ ಇಟ್ಟೆ. ಆ ಕೋಣೆಯಲ್ಲಿ ಯಾರೂ ಮಲಗೋದಿಲ್ಲ.

ಯುಗಾದಿಗೆ ರಾಯಚೂರಿನಿಂದ ಬೀಗರು ಬಂದರು. ಅದೇ ಮಂಚದ ಮೇಲೆ ಮಲಗಿದರು.

ರಾತ್ರಿ ಎರಡಕ್ಕೆ ಢಂ ಅಂತು. ನಾನು ಓಡುವಷ್ಟರಲ್ಲಿ ಇನ್ನೊಂದು ಢಂ. ಬೀಗರು ಮಂಚದ ನಡುವೆ ಕಾಲು ಮಡಚಿಕೊಂಡು ಕೂತು, "ಸಿಲಿಂಡರ್ರೇನ್ರೀ ಬೀಗರ?" ಅಂದರು. ಬೀಗತಿ ಕಾಲು ಕೆಳಗಿಟ್ಟರು. ಹಸಿ ಹತ್ತಿತು. ರಾತ್ರಿ ಬಲ್ಬಿನ ಮಂದ ಬೆಳಕಿನಲ್ಲಿ ಕಾಲು ಎತ್ತಿ ನೋಡಿ, "ರಗತ!" ಅಂತ ಚೀರಿದರು. ನಾನು ಲೈಟ್ ಹಾಕಿ, "ರಗತ ಅಲ್ರೀ, ರಸ, ದ್ರಾಕ್ಷಿ ರಸ" ಅಂದೆ. ಬೀಗರು ಮೂಗು ಅರಳಿಸಿದರು. ಒಮ್ಮೆ. ಮತ್ತೊಮ್ಮೆ, ಸ್ವಲ್ಪ ದೀರ್ಘವಾಗಿ. "ರಸಕ್ಕ ಇಂಥಾ ವಾಸನಿ ಇರತೈತೇನ್ರೀ?"

ನನ್ನ ಹೆಂಡತಿ ಗೋಡೆ ನೋಡುತ್ತಿದ್ದಳು. ಬಾಗಿಲಲ್ಲಿ ನೀಲಿ ಚುಕ್ಕಿ ಸೀರೆಯ ಅವ್ವ ಬಂದು ನಿಂತಳು. "ದ್ರಾಕ್ಷಾರಿಷ್ಟ ಐತ್ರೀ. ನನ್ನ ಕೆಮ್ಮಿಗಂತ ಮಾಡ್ಯಾನ" ಅಂದಳು. ಅಂದು, ಸಾಕ್ಷಿಗೆ ಎರಡು ಸಲ ಕೆಮ್ಮಿದಳು.

ಬೆಳಿಗ್ಗೆ ಅವ್ವನ ಕಪಾಟಿನಲ್ಲಿದ್ದ ಅಂಗಡಿಯ ದ್ರಾಕ್ಷಾರಿಷ್ಟದ ಚೀಟಿ ಓದಿದೆ. ತಾನೇ ಹುಟ್ಟಿದ ಆಲ್ಕೋಹಾಲ್ ಶೇಕಡಾ 5ರಿಂದ 10 ಅಂತ ಬರೆದಿತ್ತು. 20 ವರ್ಷದಿಂದ ನಮ್ಮ ಮನೆಯಲ್ಲಿ ಊಟವಾದ ಮೇಲೆ 2 ಚಮಚ ನಡೆದೇ ಇದೆ! ಅಕ್ಕನಿಗೆ ಮತ್ತೆ ಫೋನ್ ಮಾಡಿದೆ. "ಗ್ಯಾಸ್ ಹೋಗಾಕ ದಾರಿ ಬಿಡು ಅಂದಿದ್ನೆಲ್ಲೋ" ಅಂದರು. ಅದೇ ಆ ಕೊನೆಯ ಮಾತು.

ಹೊರಡುವಾಗ ಬೀಗರು ನನ್ನನ್ನು ಚಪ್ಪರದ ಕೆಳಗೆ ಕರೆದರು. "ಬೀಗರ, ನನಗೂ ಒಂದೀಟು ಕೆಮ್ಮು ಐತ್ರೀ" ಅಂದರು. ಬಿರಡೆ ಸಡಿಲಿಸಿದ ಒಂದು ಬಾಟಲಿ ಅವರ ಚೀಲದಲ್ಲಿ ರಾಯಚೂರು ಬಸ್ಸು ಹತ್ತಿತು.

ಸಂಜೆ ವಕೀಲಿಕೆ ಮಾಡುವ ಅಣ್ಣನ ಮಗ ಬಂದ. ಎಲ್ಲ ಕೇಳಿ ನಕ್ಕ. ಆಮೇಲೆ ನಗು ನಿಲ್ಲಿಸಿ, "ಕಾಕಾ, 1965ರ ಅಬಕಾರಿ ಕಾಯ್ದೆ ಐತಿ. ಲೈಸೆನ್ಸ್ ಇಲ್ಲದ ಇದನ್ನ ಮಾಡೋ ಹಂಗಿಲ್ಲ" ಅಂದ. ಸರ್ಕಾರವೇ 2007ರಲ್ಲಿ ದ್ರಾಕ್ಷಾರಸ ನೀತಿ ತಂದಿದೆಯಲ್ಲೋ ಅಂತ ನಾನು ಸಮಾಜ ವಿಜ್ಞಾನ ಹೇಳಿದೆ. "ಅದು ವೈನರಿ ಹಾಕೋರಿಗೆ ಕಾಕಾ, ನಿನ್ನ ಉಪ್ಪಿನಕಾಯಿ ಭರಣಿಗಲ್ಲ."

ರಾತ್ರಿಯೆಲ್ಲ ನಿದ್ದೆ ಇಲ್ಲ. ಬೀಗರ ಚೀಲ ಬಸ್ಸಿನಲ್ಲಿ ಸೋರಿದರೆ? ಕಂಡಕ್ಟರ್ ಮೂಗು ಅರಳಿಸಿದರೆ? ನಸುಕಿನಲ್ಲಿ ಎದ್ದು ಉಳಿದಿದ್ದನ್ನು ಬಳ್ಳಿಯ ಬುಡಕ್ಕೇ ಸುರಿದೆ. ಬೆಳಗಾಗುವಷ್ಟರಲ್ಲಿ ಓಣಿ ತುಂಬ ಘಮ. ಹಾಲಿನವನು, "ಏನ್ ಮಾಸ್ತರ, ರಾತ್ರಿ ಭಾರಿ ಪ್ರೋಗ್ರಾಂ ಅನಸ್ತೈತಿ" ಅಂದ.

ಸುರಿದ ಮೇಲೆ ಲೆಕ್ಕ ಹಾಕಿದೆ. 2 ಒಡೆದವು. 1 ರಾಯಚೂರಿಗೆ ಹೋಯಿತು. ನಾನು ಸುರಿದಿದ್ದು 1. ಇನ್ನೊಂದು? ಮಂಚದ ಕೆಳಗೆ ಮತ್ತೆ ಬಗ್ಗಿ ನೋಡಿದೆ. ಅಲ್ಲಿ ಧೂಳಿನಲ್ಲಿ ಒಂದು ಗುಂಡನೆಯ ಗುರುತು ಮಾತ್ರ ಇತ್ತು.

ಅವ್ವನ ಟ್ರಂಕಿಗೆ ಹೊಸ ಕೀಲಿ ಬಂದಿದೆ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅವಳಿಗೆ ಸರಿಯಾಗಿ ಕೆಮ್ಮು ಬರುತ್ತದೆ. ಮೊನ್ನೆ ಬೋಳು ಮಾಡಬೇಕಾದ ಚಪ್ಪರದ ಕೆಳಗೆ ಹೊರಸಿನ ಮೇಲೆ ಕೂತಿದ್ದಳು. ನಾನು ಪೇಪರ್ ಓದುತ್ತಿದ್ದೆ. "ಏಪ್ರಿಲ್ ಬಂತಲ್ಲೋ," ಅಂದಳು, "ಚಾಟ್ನಿ ಯಾವಾಗ ಮಾಡ್ತಿ?"