ಸೋತ ಮೇಲೆ ಹುಟ್ಟುವ ಅನುಮಾನ: ನಂಬಬೇಕಾ, ಬಿಡಬೇಕಾ?

ಪರ: ಅಭಿಮಾನಿಯ ಕಿವಿ ಸುಳ್ಳು ಹೇಳಲಿಲ್ಲ

2017ರ ಸೆಪ್ಟೆಂಬರ್ 21, ಹ್ಯೂಸ್ಟನ್ ಬೇಸ್‌ಬಾಲ್ ಮೈದಾನ. ಚಿಕಾಗೊ ವೈಟ್ ಸಾಕ್ಸ್ ತಂಡದ ಪಿಚರ್ ಡ್ಯಾನಿ ಫಾರ್ಕರ್ ಎಸೆಯಲು ನಿಂತಿದ್ದಾರೆ. ನಿಧಾನದ ಚೆಂಡು ಹಾಕು ಅಂತ ಬ್ಯಾಟ್ಸ್‌ಮನ್ ಹಿಂದೆ ಕೂರುವ ಕ್ಯಾಚರ್ ಬೆರಳಲ್ಲಿ ಸನ್ನೆ ಮಾಡಿದ ಕೂಡಲೇ ಎಲ್ಲೋ 'ಡಬ್' ಅಂತ ಸದ್ದು. ಮತ್ತೆ ಅದೇ ಸನ್ನೆ, ಮತ್ತೆ ಸದ್ದು. ಫಾರ್ಕರ್ ಎಸೆಯುವುದನ್ನು ನಿಲ್ಲಿಸಿದರು. ಕ್ಯಾಚರನ್ನು ಹತ್ತಿರ ಕರೆದು ಸನ್ನೆಗಳನ್ನೇ ಬದಲಾಯಿಸಿದರು.

ಆ ಸದ್ದು ಕಸದ ಡಬ್ಬಿಯದ್ದು. ಹ್ಯೂಸ್ಟನ್ ಆಸ್ಟ್ರೋಸ್ ತಂಡದವರು ಮೈದಾನದಲ್ಲಿದ್ದ ಕ್ಯಾಮೆರಾದಿಂದ ಎದುರಾಳಿ ಕ್ಯಾಚರ್‌ನ ಬೆರಳು ನೋಡುತ್ತಿದ್ದರು. ಆಟಗಾರರು ಕೂರುವ ಜಾಗದ ಹಿಂದೆಯೇ ಟೀವಿ. ಪಕ್ಕದಲ್ಲಿ ಡಬ್ಬಿ. ಬಡಿದರೆ ತಿರುವಿನ ಅಥವಾ ನಿಧಾನದ ಚೆಂಡು, ಬಡಿಯದಿದ್ದರೆ ವೇಗದ್ದು. ಕ್ರಿಕೆಟ್ ನೋಡುವವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಚಂದ್ರಶೇಖರ್ ಗೂಗ್ಲಿ ಹಾಕುತ್ತಾರೆ ಅಂತ ಬ್ಯಾಟ್ಸ್‌ಮನ್‌ಗೆ ಮೊದಲೇ ಗೊತ್ತಾಗಿದ್ದರೆ? ಕ್ಯಾಚರ್‌ಗೆ ಎದುರಾಗಿ, ಪಿಚರ್ ಹಿಂದಿನ ಎರಡನೇ ಬೇಸ್‌ನಲ್ಲಿ ನಿಂತ ಓಟಗಾರ ಬರೀ ಕಣ್ಣಿನಿಂದ ಸನ್ನೆ ಕದ್ದರೆ ಅದು ಜಾಣತನ, ಆಟದ ಭಾಗ. ಕ್ಯಾಮೆರಾ ಇಟ್ಟು ಕದ್ದರೆ ಮೋಸ.

ಫಾರ್ಕರ್ ಅನುಮಾನಪಟ್ಟದ್ದು ಕಂಡ ಆಟಗಾರರು ಪಂದ್ಯ ಮುಗಿಯುವ ಮೊದಲೇ ಗೋಡೆಯ ಟೀವಿ ಕಿತ್ತು ಬಚ್ಚಿಟ್ಟರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಆ ವರ್ಷ ವರ್ಲ್ಡ್ ಸೀರೀಸ್ ಫೈನಲ್‌ನಲ್ಲಿ ಆಸ್ಟ್ರೋಸ್ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡವನ್ನು ಏಳು ಪಂದ್ಯಗಳಲ್ಲಿ 4-3ರಿಂದ ಸೋಲಿಸಿತು. ಪ್ಲೇಆಫ್ ಶುರುವಾದಾಗಿನಿಂದ ತವರಿನಲ್ಲಿ ಆಡಿದ 9ರಲ್ಲಿ 8 ಗೆಲುವು, ಹೊರಗೆ 9ರಲ್ಲಿ ಮೂರೇ. ಇದನ್ನು ನೋಡಿ ಅನುಮಾನಪಟ್ಟವನನ್ನು ಹೊಟ್ಟೆಕಿಚ್ಚಿನವನು ಅನ್ನುವುದು ಸರಿಯಾ? 2019ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದ ಕಡೆಯಿಂದ, ಶಿಳ್ಳೆ ಹೊಡೆದು ಸುಳಿವು ಕೊಡುತ್ತಾರೆ ಅಂತ ದೂರು ಬಂದಾಗ ಆಸ್ಟ್ರೋಸ್ ಮ್ಯಾನೇಜರ್ ಎ. ಜೆ. ಹಿಂಚ್ ನಕ್ಕು ತಳ್ಳಿಹಾಕಿದ್ದರು. ಮುಂದಿನ ತಿಂಗಳೇ ಆ ತಂಡದ ಹಳೆಯ ಪಿಚರ್ ಮೈಕ್ ಫಯರ್ಸ್ 2017ರ ಗುಟ್ಟು ಬಿಚ್ಚಿಟ್ಟರು. ಜನವರಿಯಲ್ಲಿ ಹಿಂಚ್ ಕೆಲಸ ಹೋಯಿತು, ತಂಡಕ್ಕೆ 50 ಲಕ್ಷ ಡಾಲರ್ ದಂಡ ಬಿತ್ತು.

ನನಗೆ ತುಂಬಾ ಇಷ್ಟವಾದದ್ದು ಇದು: ಆಸ್ಟ್ರೋಸ್‌ನ ಅಭಿಮಾನಿಯೊಬ್ಬರೇ ಕೂತು 58 ಪಂದ್ಯಗಳ ವಿಡಿಯೊ ನೋಡಿದರು. 8,200ಕ್ಕೂ ಜಾಸ್ತಿ ಎಸೆತ. 1,100ಕ್ಕೂ ಹೆಚ್ಚು ಸಲ ಡಬ್ಬಿಯ ಸದ್ದು. ಸ್ವಂತ ತಂಡದ ಕಳ್ಳತನವನ್ನು ಒಂದೊಂದಾಗಿ ಎಣಿಸಿ ಜನರ ಮುಂದಿಟ್ಟರು. ಅಭಿಮಾನಿಗೆ ಏನು ಗೊತ್ತು ಅನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ವಿರೋಧ: ಸೋಲಿನ ಸಿಟ್ಟು ಸಾಕ್ಷಿಯಲ್ಲ

ಡಬ್ಬಿ ಬಡಿದದ್ದು ನಿಜ. ಅದನ್ನು ಯಾರೂ ಸಮರ್ಥಿಸಬಾರದು, ನಾನಂತೂ ಸಮರ್ಥಿಸುವುದಿಲ್ಲ. ಆದರೆ ಆ ಫೈನಲ್‌ನ ಏಳನೇ ಪಂದ್ಯ ನಡೆದದ್ದು ಎಲ್ಲಿ? ಲಾಸ್ ಏಂಜಲೀಸ್‌ನಲ್ಲಿ, ಡಾಡ್ಜರ್ಸ್ ಮನೆಯಂಗಳದಲ್ಲೇ. ಹ್ಯೂಸ್ಟನ್‌ನ ಟೀವಿಯೂ ಡಬ್ಬಿಯೂ ಅಲ್ಲಿರಲಿಲ್ಲ. ಡಾಡ್ಜರ್ಸ್ ಪಿಚರ್ ಯೂ ಡಾರ್ವಿಶ್ ಎರಡು ಇನಿಂಗ್ಸ್ ಕೂಡ ಪೂರ್ತಿ ಎಸೆಯಲಿಲ್ಲ, ಅಷ್ಟರಲ್ಲೇ 5 ರನ್ ಹೋಗಿತ್ತು. ಪಂದ್ಯ 5-1. ಲೀಗ್ ಹಂತದಲ್ಲೂ ಆಸ್ಟ್ರೋಸ್ ತವರಿನ 81ರಲ್ಲಿ 48 ಗೆದ್ದರೆ, ಹೊರಗಿನ 81ರಲ್ಲಿ ಗೆದ್ದದ್ದು 53. ಒಂಬತ್ತು ಪಂದ್ಯದ ಲೆಕ್ಕ ಹಿಡಿದು 81ರದ್ದನ್ನು ಬಿಡುವುದು ನ್ಯಾಯವಲ್ಲ. ಕದ್ದದ್ದರಿಂದ ಫಲಿತಾಂಶ ಬದಲಾಯಿತಾ ಅಂತ ಹೇಳಲು ಬರುವುದಿಲ್ಲ ಎಂದು ಬೇಸ್‌ಬಾಲ್ ಕಮಿಷನರ್ ವರದಿಯೇ ಹೇಳಿತು. ಆದರೂ 2020ರ ಜನವರಿಯಲ್ಲಿ ಲಾಸ್ ಏಂಜಲೀಸ್ ನಗರಸಭೆ ಆ ಪಟ್ಟವನ್ನು ಡಾಡ್ಜರ್ಸ್‌ಗೆ ಕೊಡಿ ಅಂತ ನಿರ್ಣಯ ಮಾಡಿತು! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಸಲ ನೆಲವೂ ಡೊಂಕಿತ್ತು, ಒಪ್ಪುತ್ತೇನೆ. ಆದರೆ ಏಳನೇ ಪಂದ್ಯದ ನೆಲ ಅವರದ್ದೇ.

ಇನ್ನೊಂದು ಮಾತು. ಸತ್ಯ ಹೊರಗೆ ಬಂದದ್ದು ಸೋತವರ ಕೂಗಾಟದಿಂದಲ್ಲ. ಒಳಗಿದ್ದ ಒಬ್ಬ ಧೈರ್ಯವಾಗಿ ಬಾಯಿ ಬಿಟ್ಟ, ಆಮೇಲೆ 68 ಜನರ ವಿಚಾರಣೆ ಆಯಿತು. ಅಭಿಮಾನಿಯ ಆ ಎಣಿಕೆ ಬಂದದ್ದೂ ಇದೆಲ್ಲ ಆದ ಮೇಲೆ.

ಬರೀ ಅನುಮಾನಕ್ಕೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಆಸ್ಟ್ರೋಸ್ ಆಟಗಾರ ಹೋಸೆ ಆಲ್ಟುವೆ ಇದ್ದಾರೆ. 2019ರ ಅಕ್ಟೋಬರ್ 19ರಂದು ಯಾಂಕೀಸ್ ವಿರುದ್ಧ ಕೊನೆಯ ಹೊಡೆತದಲ್ಲಿ ಪಂದ್ಯ ಗೆಲ್ಲಿಸಿ ಓಡಿ ಬರುವಾಗ ಅವರು ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅಷ್ಟೇ. ಚೆಂಡಿನ ಸುಳಿವು ಸಿಗಲೆಂದು ಮೈಗೆ ಸದ್ದಿಲ್ಲದೆ ಅದುರುವ ಯಂತ್ರ ಕಟ್ಟಿಕೊಂಡಿದ್ದರು ಅಂತ ಸುದ್ದಿ ಹಬ್ಬಿತು. ತನಿಖೆಯಲ್ಲಿ ಅಂಥದ್ದಕ್ಕೆ ಸಾಕ್ಷಿ ಸಿಗಲಿಲ್ಲ. ಆ ಅಭಿಮಾನಿ ಎಣಿಸಿದ ಪಟ್ಟಿಯನ್ನೇ ತೆಗೆಯಿರಿ: ಆಲ್ಟುವೆ ಆಡುವಾಗ ಡಬ್ಬಿ ಬಡಿದದ್ದು ತೀರಾ ಕಮ್ಮಿ. ಆ ಸದ್ದು ಅವರಿಗೆ ಬೇಡವಾಗಿತ್ತು ಅಂತ ಜೊತೆ ಆಟಗಾರರೂ ಹೇಳಿದ್ದಾರೆ. ಆದರೂ ಹೊರ ಊರಿಗೆ ಹೋದಾಗ ಅತಿ ಜೋರಾದ ಛೀಮಾರಿ ಅವರಿಗೇ ಬಿತ್ತು. ವರ್ಷಗಳ ನಂತರವೂ ಅವರು ಬ್ಯಾಟ್ ಹಿಡಿದು ಬಂದರೆ ಆ ಕೂಗು ಏಳುತ್ತದೆ.