ಸಣ್ಣ ಕಾಲೇಜಿನ ಕೋಚ್‌ಗೆ ಮುಂದಿನ ಮೆಟ್ಟಿಲು ಎಲ್ಲಿದೆ?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಪ್ಲಾಟ್‌ವಿಲ್ ಅಂತ ಒಂದು ಸಣ್ಣ ಊರಿದೆ. ಒಂದು ಕಾಲಕ್ಕೆ ಸೀಸದ ಗಣಿಗೆ ಹೆಸರಾಗಿತ್ತು. ಈಗ ಸುತ್ತಮುತ್ತ ಮೆಕ್ಕೆಜೋಳದ ಹೊಲ, ಹೈನುಗಾರಿಕೆ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಕ್ಕೆ 1984ರಲ್ಲಿ ಬೋ ರಯಾನ್ ಎನ್ನುವವರು ಬಾಸ್ಕೆಟ್‌ಬಾಲ್ ಕೋಚ್ ಆಗಿ ಬಂದರು. ಅದಕ್ಕೂ ಮೊದಲು ಅವರು ಪೆನ್ಸಿಲ್ವೇನಿಯಾದ ಶಾಲಾ ಮಕ್ಕಳಿಗೆ ಕಲಿಸಿದ್ದರು, ಮ್ಯಾಡಿಸನ್‌ನ ದೊಡ್ಡ ವಿಶ್ವವಿದ್ಯಾಲಯದಲ್ಲಿ ಅಸಿಸ್ಟೆಂಟ್ ಕೋಚ್ ಆಗಿದ್ದರು. ಪ್ಲಾಟ್‌ವಿಲ್‌ನಲ್ಲಿ 15 ವರ್ಷ ಇದ್ದರು. 1991, 1995, 1998, 1999ರಲ್ಲಿ ಮೂರನೇ ಡಿವಿಷನ್ನಿನ, ಅಂದರೆ ಹೆಚ್ಚಾಗಿ ಸಣ್ಣ ಕಾಲೇಜುಗಳು ಆಡುವ ಮಟ್ಟದ, ರಾಷ್ಟ್ರೀಯ ಕಪ್ ಗೆದ್ದರು. ಅದರಲ್ಲಿ ಎರಡು ಸಲ ಇಡೀ ಸೀಸನ್ ಒಂದೂ ಸೋಲಿಲ್ಲ. ಆಮೇಲೆ ಅದೇ ರಾಜ್ಯದ ಮಿಲ್ವಾಕಿಯ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ. 2001ರಲ್ಲಿ ಮ್ಯಾಡಿಸನ್‌ಗೇ ಮುಖ್ಯ ಕೋಚ್ ಆಗಿ ವಾಪಸ್ ಬಂದಾಗ ವಯಸ್ಸು 53. 2014 ಮತ್ತು 2015ರಲ್ಲಿ ಆ ತಂಡವನ್ನು ದೇಶದ ಕೊನೆಯ ನಾಲ್ಕು ತಂಡಗಳ ಸುತ್ತಿಗೆ ಮುಟ್ಟಿಸಿದರು.

ನಾನು ಈಗ ಇರುವುದು ಮ್ಯಾಡಿಸನ್‌ನಲ್ಲಿ. ಇಲ್ಲಿ ರಯಾನ್ ಹೆಸರು ಗೊತ್ತಿಲ್ಲದವರು ಕಡಿಮೆ. ಆದರೆ ನನ್ನ ಮನಸ್ಸು ಹಿಡಿದದ್ದು ಅವರಿಗಿಂತ ಜಾಸ್ತಿ ಅವರ ಹಿಂದೆ ಬಂದ ಗ್ರೆಗ್ ಗಾರ್ಡ್ ಕಥೆ. ಪ್ಲಾಟ್‌ವಿಲ್ ಹತ್ತಿರದ ಕಾಬ್ ಎನ್ನುವ ಪುಟ್ಟ ಊರಿನ ಹುಡುಗ. ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಡಿದವರಲ್ಲ. ಓದುವಾಗಲೇ ಶಾಲೆಯ ಮಕ್ಕಳಿಗೆ ಆಟ ಹೇಳಿಕೊಡುತ್ತಿದ್ದರು, ರಯಾನ್ ಅವರ ಬೇಸಿಗೆ ಶಿಬಿರಗಳಲ್ಲಿ ದುಡಿದರು. 1993ರಲ್ಲಿ ಗಾರ್ಡ್ ಅವರನ್ನು ರಯಾನ್ ತಮ್ಮ ಅಸಿಸ್ಟೆಂಟ್ ಆಗಿ ತೆಗೆದುಕೊಂಡರು. ಅಲ್ಲಿಂದ ಮಿಲ್ವಾಕಿ, ಅಲ್ಲಿಂದ ಮ್ಯಾಡಿಸನ್, ಗುರು ಹೋದಲ್ಲೆಲ್ಲ ಶಿಷ್ಯನೂ ಹೋದ. 2015ರ ಡಿಸೆಂಬರ್‌ನಲ್ಲಿ ರಯಾನ್ ಕೆಳಗಿಳಿದಾಗ ಜಾಗ ತುಂಬಿದ್ದು ಗಾರ್ಡ್. ಅಂದರೆ 22 ವರ್ಷ ಪಕ್ಕದಲ್ಲಿ ಕೂತು ಕಲಿತ ಮೇಲೆ!

ಈ ಪಕ್ಕದ ಕುರ್ಚಿಯ ಬಗ್ಗೆಯೇ ನಾನು ಹೇಳಬೇಕಿರುವುದು. ನಮ್ಮ ಕರ್ನಾಟಕದ ಕಾಲೇಜುಗಳಲ್ಲಿ ಆ ಕುರ್ಚಿ ಇಲ್ಲ.

ಇಲ್ಲಿ ಅಮೆರಿಕದಲ್ಲಿ ಸಣ್ಣ ಕಾಲೇಜಿನ ಪಂದ್ಯಕ್ಕೆ ಹೋದರೆ ನಾನು ಅಸಿಸ್ಟೆಂಟ್ ಕೋಚನ್ನೇ ನೋಡುತ್ತಾ ಕೂರುತ್ತೇನೆ. 23, 24ರ ಹುಡುಗ. ಕೈಯಲ್ಲಿ ಹಲಗೆ, ಕಿವಿಯ ಹಿಂದೆ ಪೆನ್ನು. ಎದುರಾಳಿ ಯಾವ ಆಟ ಕಟ್ಟಿದರು, ನಮ್ಮವರು ಎಲ್ಲಿ ತಡವಾದರು, ಎಲ್ಲ ಗೀಚಿಕೊಳ್ಳುತ್ತಾನೆ. ಟೈಮ್‌ಔಟ್ ಆದಕೂಡಲೇ ಸ್ಟೂಲ್ ಎತ್ತಿ ಅಂಗಳಕ್ಕೆ ಇಡುತ್ತಾನೆ, ಕೋಚ್ ಕಿವಿಯಲ್ಲಿ ಎರಡೇ ಮಾತು ಹೇಳುತ್ತಾನೆ. ಪಂದ್ಯ ಮುಗಿದ ಮೇಲೆ ಒದ್ದೆ ಟವೆಲ್ ಆರಿಸುವವನೂ ಅವನೇ. ಸಂಬಳ ಅಷ್ಟಕ್ಕಷ್ಟೆ, ಕೆಲವು ಕಡೆ ಹಾಸ್ಟೆಲ್‌ನಲ್ಲಿ ಒಂದು ಕೋಣೆ, ಊಟ, ಎಂ.ಎ. ಓದಿನ ಫೀಸು, ಅಷ್ಟೇ. ಆದರೂ ಅವನಿಗೆ ಮುಂದೆ ಏನು ಅನ್ನುವುದು ಕಣ್ಣಿಗೆ ಕಾಣುತ್ತದೆ.

ಸ್ಯಾನ್ ಆಂಟೋನಿಯೋ ಸ್ಪರ್ಸ್ ತಂಡಕ್ಕೆ ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಐದು ಪ್ರಶಸ್ತಿ ತಂದ ಗ್ರೆಗ್ ಪೊಪೊವಿಚ್ ಕೂಡ ಸಣ್ಣ ಕಾಲೇಜಿನಿಂದಲೇ ಬಂದವರು. ಕ್ಯಾಲಿಫೋರ್ನಿಯಾದ ಪೊಮೋನಾ-ಪಿಟ್ಜರ್‌ನಲ್ಲಿ ಅವರ ಮೊದಲ ಸೀಸನ್ನಿನ ಲೆಕ್ಕ: 2 ಗೆಲುವು, 22 ಸೋಲು. ಮೇಲೆ ಹೋಗದೆ ಅಲ್ಲೇ ಉಳಿದವರಿಗೂ ಇಲ್ಲಿ ಮರ್ಯಾದೆ ಕಡಿಮೆಯಿಲ್ಲ. ಡೇವ್ ಹಿಕ್ಸನ್ ತಾವು ಓದಿದ ಆಮ್ಹರ್ಸ್ಟ್ ಕಾಲೇಜಿಗೇ 1977ರಲ್ಲಿ ಕೋಚ್ ಆಗಿ, 2020ರಲ್ಲಿ ನಿವೃತ್ತರಾದರು. ಎರಡು ಸಲ ರಾಷ್ಟ್ರೀಯ ಕಪ್ ಗೆದ್ದರು.

ಇದೆಲ್ಲ ಬರೀ ಕ್ರೀಡಾಪ್ರೇಮದಿಂದ ನಡೆಯುತ್ತಿದೆ ಅಂತ ನಾನು ಹೇಳುವುದಿಲ್ಲ. ಮೂರನೇ ಡಿವಿಷನ್ನಿನಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವಂತಿಲ್ಲ. ಸಣ್ಣ ಖಾಸಗಿ ಕಾಲೇಜುಗಳು ಬದುಕುವುದೇ ವಿದ್ಯಾರ್ಥಿಗಳ ಫೀಸಿನಿಂದ. ಕೋಚ್ ವರ್ಷಕ್ಕೆ ಇಷ್ಟು ಹುಡುಗರನ್ನು ತಂದರೆ ಕಾಲೇಜಿಗೆ ಅಷ್ಟು ಅಡ್ಮಿಷನ್. ಹಾಗಾಗಿ ಅವನ ಅರ್ಧ ಆಯುಷ್ಯ ಹೈಸ್ಕೂಲ್ ಪಂದ್ಯ ನೋಡುವುದರಲ್ಲಿ, ಅಪ್ಪ ಅಮ್ಮಂದಿರಿಗೆ ಫೋನ್ ಮಾಡುವುದರಲ್ಲಿ ಕಳೆಯುತ್ತದೆ. ಕೆಲಸದ ಭದ್ರತೆಯೂ ಇಲ್ಲ. ಮಿಲ್ವಾಕಿಯ ಕಾರ್ಡಿನಲ್ ಸ್ಟ್ರಿಚ್ ವಿಶ್ವವಿದ್ಯಾಲಯ 2023ರಲ್ಲಿ ಬಾಗಿಲು ಹಾಕಿತು. ಕಾಲೇಜೇ ಇಲ್ಲದ ಮೇಲೆ ತಂಡ ಎಲ್ಲಿ, ಕೋಚ್ ಎಲ್ಲಿ? ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರಿಂದೂರಿಗೆ ಅಲೆಯುವುದು ಈ ವೃತ್ತಿಯಲ್ಲಿ ಮಾಮೂಲು. ಈ ವಿಷಯದಲ್ಲಿ ನಮ್ಮ ಪದ್ಧತಿಯೇ ಮೇಲು ಅಂತ ನನಗೆ ಖಂಡಿತ ಅನಿಸುತ್ತದೆ.

ನಮ್ಮಲ್ಲಿ ಪಿ.ಡಿ. ಸರ್ ಇರುತ್ತಾರೆ, ದೈಹಿಕ ಶಿಕ್ಷಣ ನಿರ್ದೇಶಕರು. ಕಾಯಂ ಹುದ್ದೆ ಸಿಕ್ಕರೆ ಉಪನ್ಯಾಸಕರ ಹಾಗೇ ಯುಜಿಸಿ ಸಂಬಳ, ರಜೆ, ಎಲ್ಲ ಉಂಟು. ಆ ಕೆಲಸಕ್ಕೆ ಎಂಪಿಎಡ್, ಅಂದರೆ ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ, ಆಗಿರಬೇಕು, ನೆಟ್, ಕೆ-ಸೆಟ್‌ನಂಥ ಅರ್ಹತಾ ಪರೀಕ್ಷೆ ಅಥವಾ ಪಿಎಚ್‌ಡಿ ಬೇಕು. 2018ರ ಯುಜಿಸಿ ನಿಯಮದ ಪ್ರಕಾರ ದೈಹಿಕ ಪರೀಕ್ಷೆಯೂ ಇದೆ: 30 ವರ್ಷದೊಳಗಿನ ಗಂಡಸರು 12 ನಿಮಿಷದಲ್ಲಿ 1800 ಮೀಟರ್ ಓಡಬೇಕು ಇಲ್ಲವೇ ನಡೆಯಬೇಕು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಬಾಸ್ಕೆಟ್‌ಬಾಲ್ ಕೋಚಿಂಗ್ ಡಿಪ್ಲೊಮಾ ಮಾಡಿ ಬಂದವರಿಗೆ ಅದೊಂದರ ಮೇಲೆ ಈ ಹುದ್ದೆ ಸಿಗುವುದಿಲ್ಲ.

ಇನ್ನು ಸಿಕ್ಕವರ ಪಾಡು ನೋಡಿ. ಒಬ್ಬರೇ ಕಬಡ್ಡಿ, ಖೋ ಖೋ, ವಾಲಿಬಾಲ್, ಅಥ್ಲೆಟಿಕ್ಸ್, ಬಾಸ್ಕೆಟ್‌ಬಾಲ್ ಎಲ್ಲ ನೋಡಿಕೊಳ್ಳಬೇಕು. ಆಗಸ್ಟ್ 15ರ ಪರೇಡು ಅವರದೇ, ಗೇಟಿನಲ್ಲಿ ಶಿಸ್ತು ಅವರದೇ, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬಂದರೆ ಫೈಲೂ ಅವರದೇ. ಅಂತರ ಕಾಲೇಜು ಪಂದ್ಯಕ್ಕೆ ಮುಂಚೆ ಅವರ ಕೋಣೆಗೆ ಹೋದರೆ ಮೇಜಿನ ಮೇಲೆ ಹುಡುಗರ ಫೋಟೊ ಅಂಟಿಸಿದ ಎಲಿಜಿಬಿಲಿಟಿ ಫಾರ್ಮುಗಳ ರಾಶಿ, ಪಕ್ಕದಲ್ಲಿ ಸೀಲು, ಮೂಲೆಯಲ್ಲಿ ಗಾಳಿ ಹೋದ ಚೆಂಡುಗಳು ತುಂಬಿದ ಬಲೆ. ಪ್ರಿನ್ಸಿಪಾಲರ ಸಹಿಗೆ ಓಡಾಡುವಷ್ಟರಲ್ಲಿ ಸಂಜೆಯಾಗುತ್ತದೆ. ಹುಡುಗರ ಊಟಕ್ಕೆ ತಮ್ಮ ಜೇಬಿನಿಂದ ಕೊಟ್ಟವರನ್ನು ನಾನೇ ನೋಡಿದ್ದೇನೆ. ಇಂಥವರು ಹುಡುಗರನ್ನು ಕೂರಿಸಿಕೊಂಡು ಜೋನ್ ಡಿಫೆನ್ಸ್, ಅಂದರೆ ಒಬ್ಬೊಬ್ಬರು ಅಂಗಳದ ಒಂದೊಂದು ಭಾಗ ಕಾಯುವ ತಂತ್ರ, ಹೇಳಿಕೊಡುವುದು ಯಾವಾಗ? ಬಡ್ತಿಯ ನಿಯಮದಲ್ಲಿ ತಂಡದ ಸಾಧನೆಗೂ ಜಾಗ ಇದೆ, ನಿಜ. ಆದರೆ ಒಂದೇ ಆಟದಲ್ಲಿ ಪಳಗಲು ಅವರಿಗೆ ಬಿಡುವೇ ಸಿಗುವುದಿಲ್ಲ ಅಲ್ವಾ?

ನಮ್ಮಲ್ಲಿ ಬಾಸ್ಕೆಟ್‌ಬಾಲ್ ಉಳಿದಿರುವುದು ಹೆಚ್ಚಾಗಿ ಕ್ಲಬ್ಬುಗಳಿಂದ. ಬ್ಯಾಂಕಿನಲ್ಲೋ ರೈಲ್ವೆಯಲ್ಲೋ ಕೆಲಸ ಮಾಡುವ ಹಳೆಯ ಆಟಗಾರರು ಬೆಳಗ್ಗೆ ಆರಕ್ಕೇ ಬಂದು, ಒಂದು ಪೈಸೆ ತೆಗೆದುಕೊಳ್ಳದೆ ಬೇರೆಯವರ ಮಕ್ಕಳಿಗೆ ಲೇ-ಅಪ್ ಕಲಿಸುತ್ತಾರೆ. ಇಂಥದ್ದು ನನಗೆ ಅಮೆರಿಕದಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಕಂಡಿಲ್ಲ. ಅವರ ಋಣ ದೊಡ್ಡದು. ಆದರೆ ಅವರಿಗೆ ವಯಸ್ಸಾದ ಮೇಲೆ ಆ ಅಂಗಳಕ್ಕೆ ಬರುವವರು ಯಾರು? ಆಟ ಬಿಟ್ಟ 22ರ ಹುಡುಗಿಗೆ ಕೋಚ್ ಆಗುವ ಆಸೆಯಿದ್ದರೆ ಅವಳ ಮನೆಯವರಿಗೆ ಏನಂತ ಹೇಳಬೇಕು?

ಇದಕ್ಕೆ ಕೋಟಿಗಟ್ಟಲೆ ಬೇಕಿಲ್ಲ. ಒಳ್ಳೆಯ ಅಂಗಳ ಇರುವ ಕಾಲೇಜುಗಳು ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿ ಸುಮಾರಿವೆ. ಎಂಪಿಎಡ್ ಓದುವ ಒಬ್ಬ ವಿದ್ಯಾರ್ಥಿಯನ್ನು, ಅಥವಾ ಪಟಿಯಾಲದಿಂದ ಬಂದ ಒಬ್ಬರನ್ನು, ಒಂದೇ ಆಟಕ್ಕೆಂದು ಪಿ.ಡಿ. ಸರ್ ಜೊತೆಗೆ ಎರಡು ವರ್ಷ ಹಾಕಲಿ. ಹಾಸ್ಟೆಲ್ ಕೋಣೆ, ಊಟ, ಒಂದಿಷ್ಟು ಗೌರವಧನ ಕೊಡಲಿ. ಪಂದ್ಯದ ದಾಖಲೆ ಬರೆಯುವುದು, ವಿಡಿಯೊ ನೋಡುವುದು, ಹುಡುಗರ ಹಾಜರಿ, ಎಲ್ಲ ಅವರ ಕೈಗೆ ಬರಲಿ. ವಿಶ್ವವಿದ್ಯಾಲಯ ಆ ಎರಡು ವರ್ಷವನ್ನು ಅನುಭವ ಅಂತ ಬರೆದುಕೊಡಲಿ. ಹೊರನಾಡಿನಲ್ಲಿರುವ ನಮ್ಮಂಥ ಹಳೆಯ ವಿದ್ಯಾರ್ಥಿಗಳು ಕಾಲೇಜಿಗೆ ಕಟ್ಟಡ, ಕಮಾನು ಅಂತ ಹಣ ಕಳಿಸುತ್ತಲೇ ಇರುತ್ತೇವೆ. ಮುಂದಿನ ಸಲ ಕಳಿಸುವಾಗ ಈ ಒಂದು ಕುರ್ಚಿಗೆ ಅಂತ ಬರೆದು ಕಳಿಸೋಣ.