ಲ್ಯಾಂಡ್‌ಮಾರ್ಕ್ ಹೇಳಿ ಸಾರ್

ಮಳೆಗಾಲದ ಒಂದು ರಾತ್ರಿ ಮಲೆನಾಡಿನ ತಿರುವಿನಲ್ಲಿ ನಮ್ಮ ಕಾರು ಚರಂಡಿಗೆ ಇಳಿಯಿತು. ಭಾವನ ಹಣೆಯಲ್ಲಿ ರಕ್ತ. ನನ್ನ ಫೋನಿನಲ್ಲಿ ಒಂದೇ ಒಂದು ಕಡ್ಡಿ ಸಿಗ್ನಲ್. ಸಹಾಯವಾಣಿಗೆ ಕರೆ ಮಾಡಿದೆ. ಪುಣ್ಯಕ್ಕೆ ಎತ್ತಿದರು.

"ಎಲ್ಲಿದೀರಿ ಸಾರ್?"

"ಗೊತ್ತಿಲ್ಲ, ಸುತ್ತ ಕತ್ತಲೆ."

"ಲ್ಯಾಂಡ್‌ಮಾರ್ಕ್ ಹೇಳಿ."

"ಒಂದು ಹಲಸಿನ ಮರ ಇದೆ."

"ಯಾವ ಠಾಣೆ ಲಿಮಿಟ್ಸು?"

ಮರದ ಕಡೆ ನೋಡಿದೆ. ಅದೂ ಏನೂ ಹೇಳಲಿಲ್ಲ.

"ಲೊಕೇಶನ್ ವಾಟ್ಸಾಪ್ ಮಾಡಿ ಸಾರ್." ಮಾಡಿದೆ. ಪಕ್ಕದಲ್ಲಿ ಪುಟ್ಟ ಗಡಿಯಾರದ ಗುರುತು ಬಂದು ಕೂತಿತು. ಏಳಲೇ ಇಲ್ಲ.

ಇದೇ ಫೋನು ಬೆಂಗಳೂರಿನಲ್ಲಿ ನಾನು ದೋಸೆ ಹೇಳಿದರೆ ಹುಡುಗನನ್ನು ಗೇಟಿನವರೆಗೆ ಕರೆತರುತ್ತದೆ. (ಅವನೂ ಒಮ್ಮೆ ಫೋನ್ ಮಾಡಿ "ಎಲ್ಲಿ ಬರ್ಲಿ ಸಾರ್" ಅಂತಾನೆ, ಆ ಮಾತು ಬೇರೆ.) ದೋಸೆಗೆ ಗೊತ್ತಾಗುವ ದಾರಿ ಆಂಬುಲೆನ್ಸಿಗೆ ಯಾಕೆ ಗೊತ್ತಾಗಲ್ಲ?

ಸರ್ಕಾರಕ್ಕೆ ಇದು ಹೊಳೆದಿಲ್ಲ ಅಂತಲ್ಲ. 2016ರಲ್ಲೇ ಕೇಂದ್ರ ನಿಯಮ ಮಾಡಿತು. 2017ರ ಜನವರಿ 1ರಿಂದ ಪ್ಯಾನಿಕ್ ಬಟನ್, ಅಂದರೆ ಅಪಾಯದಲ್ಲಿ ಸಹಾಯಕ್ಕೆ ಒತ್ತುವ ಗುಂಡಿ, ಇಲ್ಲದ ಮೊಬೈಲ್ ಮಾರುವಂತಿಲ್ಲ, ಮರುವರ್ಷದಿಂದ ಜಿಪಿಎಸ್ ಕೂಡ ಇರಬೇಕು ಅಂತ. ಕೀಪ್ಯಾಡ್ ಫೋನಾದರೆ 5 ಅಥವಾ 9 ಒತ್ತಿ ಹಿಡಿಯಬೇಕು. ನಮ್ಮತ್ತೆಯ ಹಳೇ ಫೋನಿನಲ್ಲಿ 5 ಒತ್ತಿ ಹಿಡಿದರೆ ಹಿರೀಮಗಳಿಗೆ ಹೋಗುತ್ತದೆ. ಅತ್ತೆ ಅದನ್ನು ಬದಲಾಯಿಸಲು ಬಿಟ್ಟಿಲ್ಲ. ಬೇಗ ಬರೋರು ಯಾರು ಅಂತ ಅವರಿಗೆ ಗೊತ್ತು.

ಬ್ರಿಟನ್‌ನವರು 2014ರಲ್ಲಿ ಒಂದು ಸರಳ ಉಪಾಯ ಶುರು ಮಾಡಿದರು. ತುರ್ತು ನಂಬರ್ ಒತ್ತಿದ ಕೂಡಲೇ ಫೋನ್ ತಾನೇ ಲೊಕೇಶನ್ ಆನ್ ಮಾಡಿಕೊಂಡು, ಇರುವ ಜಾಗವನ್ನು ಒಂದು ಎಸ್ಸೆಮ್ಮೆಸ್‌ನಲ್ಲಿ ಕಳಿಸಿಬಿಡುತ್ತದೆ. ಡೇಟಾ ಬೇಡ, ಹಲಸಿನ ಮರ ಬೇಡ. ಆಮೇಲೆ ತನ್ನ ಪಾಡಿಗೆ ಸುಮ್ನಾಗುತ್ತದೆ. ಯುರೋಪ್ ಒಕ್ಕೂಟದಲ್ಲಿ 2022ರ ಮಾರ್ಚ್‌ನಿಂದ ಹೊಸ ಸ್ಮಾರ್ಟ್‌ಫೋನಿಗೆಲ್ಲ ಇಂಥ ಸೌಲಭ್ಯ ಕಡ್ಡಾಯ. ನಮ್ಮಲ್ಲಿ ಇದಕ್ಕೆ 2025ರಲ್ಲಿ ಮೊದಲ ಹೆಜ್ಜೆ ಇಟ್ಟಿದ್ದು ಉತ್ತರ ಪ್ರದೇಶ. ಈ ಸೌಲಭ್ಯ ಇಲ್ಲದೆ ಬರೀ ಮೊಬೈಲ್ ಟವರ್ ನೋಡಿ ಹುಡುಕಿದರೆ ಪೇಟೆಯಲ್ಲಿ ಕೆಲವು ನೂರು ಮೀಟರ್, ಕಾಡಿನ ಕಡೆ ಕೆಲವು ಕಿಲೋಮೀಟರ್ ಆಚೀಚೆ. ಅಷ್ಟರಲ್ಲಿ ಹಲಸಿನ ಮರ ಎಷ್ಟಿರುತ್ತೋ ನೀವೇ ಲೆಕ್ಕ ಹಾಕಿ.

ಹೀಗಿರುವಾಗ 2025ರ ಡಿಸೆಂಬರ್‌ನಲ್ಲಿ ಒಂದು ಸುದ್ದಿ ಬಂತು. ಮೊಬೈಲ್ ಸೇವಾ ಕಂಪನಿಗಳ ಸಂಘದ ಪ್ರಸ್ತಾಪವೊಂದನ್ನು ಕೇಂದ್ರ ಪರಿಶೀಲಿಸುತ್ತಿದೆಯಂತೆ. ಫೋನಿನ ಉಪಗ್ರಹ ಲೊಕೇಶನ್ ಹಗಲೂ ರಾತ್ರಿ ಆನ್. ಆಫ್ ಮಾಡುವ ಗುಂಡಿ ನಮ್ಮ ಕೈಲಿಲ್ಲ. ತನಿಖೆಗೆ ಟವರ್ ಅಂದಾಜು ಸಾಲಲ್ಲ, ಮೀಟರ್ ಲೆಕ್ಕದಲ್ಲಿ ಬೇಕು ಅಂತ. ಅಂದರೆ "ಕಾಪಾಡಿ" ಅಂದವನಿಗೆ ಲ್ಯಾಂಡ್‌ಮಾರ್ಕ್. ಮನೇಲಿ ಸುಮ್ನೆ ಊಟಕ್ಕೆ ಕೂತವನಾದರೆ, ಪಂಕ್ತಿಯಲ್ಲಿ ಎಷ್ಟನೇ ಎಲೆ ಅಂತ ಸಮೇತ ಗೊತ್ತಾಗಬೇಕು.

ಆಪಲ್, ಗೂಗಲ್, ಸ್ಯಾಮ್‌ಸಂಗ್ ಬೇಡವೇ ಬೇಡ ಅಂದವು. ಜನರ ಗುಟ್ಟು ಬಯಲಾಗುತ್ತದಂತೆ. ಬೆಕ್ಕು ಹಾಲಿನ ಪಾತ್ರೆಗೆ ಕಾವಲು ನಿಂತಿದ್ದು ನೋಡಿ ನನಗಂತೂ ಕಣ್ಣು ತುಂಬಿ ಬಂತು.

ಹಾಂ, ನಮ್ಮ ಕಥೆ. ಬೆಳಗಿನ ಜಾವ ಹಾಲಿನ ವ್ಯಾನಿನವನೊಬ್ಬ ನಿಲ್ಲಿಸಿ, ಭಾವನನ್ನು ಕ್ಯಾನುಗಳ ಮಧ್ಯೆ ಕೂರಿಸಿಕೊಂಡು ಆಸ್ಪತ್ರೆಗೆ ಬಿಟ್ಟ. ಆರು ಹೊಲಿಗೆ ಬಿತ್ತು. ಹೊರಗೆ ಬೆಂಚಿನ ಮೇಲೆ ಕಾಫಿ ಹಿಡಿದು ಕೂತಿದ್ದೆ. ಸಿಗ್ನಲ್ ತುಂಬಾ ಬಂದಿತ್ತು. ಫೋನ್ ಗುರ್ ಅಂತ ನಡುಗಿತು. ಮ್ಯಾಪ್ ಕೇಳುತ್ತಿತ್ತು: "ನಿನ್ನೆ ರಾತ್ರಿ ಭೂತಪ್ಪನ ಕಟ್ಟೆಗೆ ಹೋಗಿದ್ದಿರಿ. ಜಾಗ ಹೇಗಿತ್ತು? ಎಷ್ಟು ಸ್ಟಾರ್ ಕೊಡ್ತೀರಿ?"